ಕಾಸಿಗೆ ತಕ್ಕ ಕಜ್ಜಾಯ

2023ರ ಮೇ 29ರ ರಾತ್ರಿ ಬಾಸ್ಟನ್ ಸೆಲ್ಟಿಕ್ಸ್ ತನ್ನದೇ ಊರಿನ ಅಂಗಳದಲ್ಲಿ ಮಯಾಮಿ ತಂಡಕ್ಕೆ 84–103ರಿಂದ ಸೋತಿತು. ಅದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪೂರ್ವ ವಿಭಾಗದ ಫೈನಲ್‌ನ ಏಳನೆಯ ಪಂದ್ಯ, ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. ಜೊತೆಗಾರ ಜೇಸನ್ ಟೇಟಮ್ ಆಟ ಶುರುವಾದ ಗಳಿಗೆಯಲ್ಲೇ ಕಾಲು ಉಳುಕಿಸಿಕೊಂಡಿದ್ದರಿಂದ ಭಾರವೆಲ್ಲ ಜೇಲನ್ ಬ್ರೌನ್ ಹೆಗಲಿಗೆ ಬಂತು. ಬ್ರೌನ್ ಎಸೆದದ್ದು 23 ಸಲ, ಬುಟ್ಟಿಗೆ ಬಿದ್ದದ್ದು 8 ಸಲ. ಕೈ ಜಾರಿ ಎದುರಾಳಿಗಳ ಪಾಲಾದದ್ದು ಮತ್ತೆ 8 ಸಲ. ಚೆಂಡು ಎಡಗೈಗೆ ಬಂತೆಂದರೆ ಇವನ ಕಥೆ ಮುಗಿಯಿತು ಎಂಬ ಕುಹಕ ಆ ರಾತ್ರಿ ಗಾದೆಯಾಯಿತು. ಅದಾಗಿ ಎರಡು ತಿಂಗಳಿಗೆ ಸೆಲ್ಟಿಕ್ಸ್ ಅದೇ ಬ್ರೌನ್ ಜೊತೆ ಐದು ವರ್ಷಕ್ಕೆ ಹೆಚ್ಚುಕಡಿಮೆ 30 ಕೋಟಿ 40 ಲಕ್ಷ ಡಾಲರಿನ ಒಪ್ಪಂದ ಮಾಡಿಕೊಂಡಿತು. ಅದುವರೆಗಿನ ಎನ್‌ಬಿಎ ಚರಿತ್ರೆಯಲ್ಲಿ ಅಷ್ಟು ದೊಡ್ಡ ಮೊತ್ತಕ್ಕೆ ಯಾರೂ ರುಜು ಹಾಕಿರಲಿಲ್ಲ. ಎಡಗೈ ಬಾರದವನಿಗೇ ಇಷ್ಟಾದರೆ ಎರಡೂ ಕೈ ಬರುವವನಿಗೆ ಎಷ್ಟು ಕೊಡುತ್ತೀರಿ ಎಂದು ಬಾಸ್ಟನ್ನಿನ ಅಭಿಮಾನಿಗಳು ತಮ್ಮ ತಂಡವನ್ನೇ ಕೇಳಿದರು. ಮರುವರ್ಷ ಜೂನ್‌ನಲ್ಲಿ ಸೆಲ್ಟಿಕ್ಸ್ ಚಾಂಪಿಯನ್, ಫೈನಲ್‌ನ ಶ್ರೇಷ್ಠ ಆಟಗಾರ ಬ್ರೌನ್. ಹಿಂದಿನ ಬೇಸಗೆಯಲ್ಲಿ ಗೊಣಗಿದ್ದ ಬಾಯಿಗಳೇ ಈಗ ಕಾಸಿಗೆ ತಕ್ಕ ಕಜ್ಜಾಯ ಎಂದು ಚಪ್ಪರಿಸಿದವು.

ದೂರದಿಂದ ನೋಡುವವರಿಗೆ ಇದು ಕೆಲಸವಿಲ್ಲದವರ ಹರಟೆ. ಯಾರದೋ ದುಡ್ಡು, ಯಾರಿಗೋ ಸಂಬಳ, ನಡುವೆ ಇವರಿಗೇನು ಉರಿ? ಆದರೆ ಬ್ಯಾಸ್ಕೆಟ್‌ಬಾಲ್ ಪ್ರಿಯರ ನಡುವೆ ನಡೆಯುವ ಈ ಒಪ್ಪಂದದ ಜಗಳ, ಟ್ರೇಡ್‌ನ, ಎಂದರೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವುದರ ಜಗಳ, ಆಟದ ವಿಮರ್ಶೆಯಲ್ಲೇ ಅತ್ಯಂತ ಪ್ರಾಮಾಣಿಕವಾದದ್ದು ಎಂದು ನನ್ನ ನಂಬಿಕೆ. ಹೊಗಳಿಕೆಗೆ ಖರ್ಚಿಲ್ಲ. ಅದ್ಭುತ ಆಟಗಾರ ಎಂದು ಹೇಳಿ ಕಾಫಿ ಲೋಟ ಕೆಳಗಿಟ್ಟು ಎದ್ದು ಹೋಗಬಹುದು, ನಾಳೆ ಯಾರೂ ಲೆಕ್ಕ ಕೇಳುವುದಿಲ್ಲ. ಅದೇ ಮನುಷ್ಯನನ್ನು ಎಷ್ಟು ಕೊಡುತ್ತೀ, ಎಷ್ಟು ವರ್ಷಕ್ಕೆ, ಅವನಿಗೆ ಕೊಟ್ಟರೆ ಯಾರನ್ನು ಬಿಡುತ್ತೀ ಎಂದು ಕೇಳಿ ನೋಡಿ. ತಕ್ಷಣ ದನಿ ಇಳಿಯುತ್ತದೆ, ಕಣ್ಣು ಮೇಲಕ್ಕೆ ಹೋಗುತ್ತದೆ, ಬೆರಳು ಎಣಿಸತೊಡಗುತ್ತವೆ. ಆಟಗಾರನ ಮೊಣಕಾಲಿನ ವಯಸ್ಸು, ಅವನ ಜೊತೆಗೆ ಆಡುವವರ ಗುಣ, ಪ್ಲೇಆಫ್‌ನಲ್ಲಿ ಎದುರಾಳಿ ಅವನನ್ನು ಎಲ್ಲಿ ಸಿಕ್ಕಿಹಾಕಿಸುತ್ತಾನೆ ಎಂಬ ಅಂದಾಜು, ಎಲ್ಲವೂ ಒಂದು ಸಂಖ್ಯೆಯೊಳಗೆ ಇಳಿಯಬೇಕು. ವಿಶೇಷಣಗಳ ಹಿಂದೆ ಅಡಗಿ ಕೂರುವ ಸೌಲಭ್ಯ ಅಲ್ಲಿಲ್ಲ.

ಯಾರದೋ ದುಡ್ಡು ಎಂಬ ಮಾತಿಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಎನ್‌ಬಿಎಯಲ್ಲಿ ಡಾಲರ್ ಎನ್ನುವುದು ಹಣಕ್ಕಿಂತ ಹೆಚ್ಚಾಗಿ ಜಾಗದ ಅಳತೆ. ಮದುವೆ ಮನೆಯ ಬಾಳೆಲೆಯ ಹಾಗೆ: ಪಂಕ್ತಿಯಲ್ಲಿ ಕೂತವನು ಸಾಹುಕಾರನಾಗಲಿ ಬಡವನಾಗಲಿ, ಎಲೆ ಒಂದೇ ಅಳತೆಯದು. 1984–85ರಲ್ಲಿ ಸಂಬಳದ ಮಿತಿ ಜಾರಿಗೆ ಬಂದಾಗ ಆ ಎಲೆ 36 ಲಕ್ಷ ಡಾಲರ್ ಅಗಲವಿತ್ತು; 2025–26ರಲ್ಲಿ ಸುಮಾರು 15 ಕೋಟಿ 46 ಲಕ್ಷ. ಎಲೆಯಂಚು ದಾಟಿ ಬಡಿಸಿಕೊಳ್ಳಲು ನೂರು ಸಂದುಗೊಂದುಗಳಿವೆ, ನಿಜ. ಆದರೆ ಒಂದು ಗೆರೆ ದಾಟಿದರೆ ತೆರಿಗೆ, ಇನ್ನೂ ದಾಟಿದರೆ 2023ರ ಕರಾರಿನಲ್ಲಿ ಬಂದ ‘ಎರಡನೇ ಏಪ್ರನ್’ ಎಂಬ ಉರುಳು. ಅದನ್ನು ದಾಟಿದ ತಂಡ ಇಬ್ಬರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ, ಟ್ರೇಡ್‌ನಲ್ಲಿ ನಗದು ಕೊಡುವಂತಿಲ್ಲ, ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಏಳು ವರ್ಷದಾಚೆಯ ಮೊದಲ ಸುತ್ತಿನ ಆಯ್ಕೆ ಹಕ್ಕನ್ನು ಮಾರುವಂತಿಲ್ಲ. ಹೀಗಿರುವಾಗ ಒಬ್ಬನಿಗೆ ಎಲೆಯ ಮೂರನೇ ಒಂದು ಭಾಗ ಒಬ್ಬಟ್ಟೇ ಬಡಿಸಿದರೆ ಕೋಸಂಬರಿಗೆ ಜಾಗ ಎಲ್ಲಿ ಎಂದು ಕೇಳುವುದು ಮಾಲೀಕನ ಜೇಬಿನ ಚಿಂತೆಯಲ್ಲ, ಊಟದ ಚಿಂತೆ. ಆಟಗಾರರಿಗೂ ಇದು ಗೊತ್ತು. ನ್ಯೂಯಾರ್ಕ್‌ನ ಜೇಲನ್ ಬ್ರನ್ಸನ್ ಒಂದು ವರ್ಷ ಕಾದಿದ್ದರೆ ಸುಮಾರು 26 ಕೋಟಿ 90 ಲಕ್ಷ ಡಾಲರಿನ ಒಪ್ಪಂದಕ್ಕೆ ಅರ್ಹರಾಗುತ್ತಿದ್ದರು. 2024ರ ಜುಲೈನಲ್ಲಿ 15 ಕೋಟಿ 65 ಲಕ್ಷಕ್ಕೇ ಒಪ್ಪಿ, ಉಳಿದ ಜಾಗವನ್ನು ಪಕ್ಕದವರ ಎಲೆಗೆ ಬಿಟ್ಟುಕೊಟ್ಟರು.

ನಮ್ಮ ಐಪಿಎಲ್ ಹರಾಜು ನೋಡಿದವರಿಗೆ ಇದು ಅರ್ಧ ಪರಿಚಿತ, ಅರ್ಧ ವಿಚಿತ್ರ. ಅಲ್ಲೂ ಎಲ್ಲ ತಂಡಗಳ ಥೈಲಿ ಒಂದೇ ಗಾತ್ರದ್ದು. ಆದರೆ ಹರಾಜಿನಲ್ಲಿ ಬೆಲೆ ಎಲ್ಲರ ಕಣ್ಣೆದುರು ಏರುತ್ತದೆ, ಬೇಕಾದವನು ಬೇಕಾದಷ್ಟು ಕೂಗಬಹುದು. ಎನ್‌ಬಿಎಯಲ್ಲಿ ಒಬ್ಬ ಆಟಗಾರನ ಬೆಲೆಗೇ ಮೇಲ್ಛಾವಣಿ ಇದೆ. 1997ರಲ್ಲಿ 21 ವರ್ಷದ ಕೆವಿನ್ ಗಾರ್ನೆಟ್‌ಗೆ ಮಿನ್ನೆಸೋಟ ತಂಡ ಆರು ವರ್ಷಕ್ಕೆ 12 ಕೋಟಿ 60 ಲಕ್ಷ ಡಾಲರ್ ಕೊಟ್ಟಿತು. ಕೆಲವೇ ವರ್ಷದ ಹಿಂದೆ ಮಾಲೀಕರು ಇಡೀ ತಂಡವನ್ನು ಕೊಂಡದ್ದೇ ಅದಕ್ಕಿಂತ ಕಡಿಮೆಗೆ. ಉಳಿದ ಮಾಲೀಕರು ಬೆಚ್ಚಿದರು, 1998ರಲ್ಲಿ ಬೀಗಮುದ್ರೆ ಹಾಕಿದರು, ಆ ಋತು 50 ಪಂದ್ಯಗಳಿಗೆ ಇಳಿಯಿತು, ಹೊರಬರುವಾಗ ಗರಿಷ್ಠ ಸಂಬಳದ ನಿಯಮ ಕೈಯಲ್ಲಿತ್ತು. ಇವತ್ತು ಹತ್ತು ವರ್ಷ ಆಡಿದವನಿಗೂ ಹೊಸ ಒಪ್ಪಂದದ ಮೊದಲ ವರ್ಷ ಸಾಮಾನ್ಯವಾಗಿ ಮಿತಿಯ ಶೇ 35ಕ್ಕಿಂತ ಹೆಚ್ಚು ಸಿಗುವುದಿಲ್ಲ. ಇದರ ಪರಿಣಾಮ ತಮಾಷೆಯದು. ಲೀಗಿನ ಅತಿ ಶ್ರೇಷ್ಠರಲ್ಲೊಬ್ಬರಾದ ನಿಕೊಲಾ ಯೋಕಿಚ್ ಒಪ್ಪಂದದ ಬಗ್ಗೆ ಜಗಳವಾಡುವವರಿಲ್ಲ. ಅವರಿಗೆ ಎಷ್ಟು ಕೊಟ್ಟರೂ ಅಗ್ಗವೇ. ಜಗಳವೆಲ್ಲ ಎರಡನೆಯ ಸಾಲಿನಲ್ಲಿ: ಯೋಕಿಚ್ ಆಗದವನಿಗೆ ಯೋಕಿಚ್ ಸಂಬಳ ಕೊಡಬೇಕಾದ ಕಡೆ. ಅಂಗಡಿಯ ಅತಿ ದೊಡ್ಡ ಕಜ್ಜಾಯಕ್ಕೂ ಅದರ ಪಕ್ಕದ್ದಕ್ಕೂ ಒಂದೇ ಬೆಲೆ ಬರೆದಿದ್ದರೆ ಮೊದಲನೆಯದನ್ನು ಕೊಂಡವನು ನಕ್ಕು ಹೋಗುತ್ತಾನೆ, ಎರಡನೆಯದನ್ನು ಕೊಂಡವನು ಮನೆಗೆ ಬಂದು ಅಂಗಡಿಯವನನ್ನು ಬೈಯುತ್ತಾನೆ. ಬ್ರೌನ್ ಮೇಲೆ ಬಿದ್ದ ಬೈಗುಳದಲ್ಲಿ ಅರ್ಧ ಈ ಬೆಲೆಪಟ್ಟಿಗೆ ಸೇರಬೇಕಾದದ್ದು.

ಇದು ಇನ್ನೂ ಸ್ಪಷ್ಟವಾಗಬೇಕಾದರೆ 2016–17ರ ಸಂಬಳದ ಪಟ್ಟಿ ನೋಡಬೇಕು. ಹಿಂದಿನ ಋತುವಿನಲ್ಲಿ ಒಂದೂ ಮತ ತಪ್ಪದೆ ವರ್ಷದ ಶ್ರೇಷ್ಠ ಆಟಗಾರರಾಗಿದ್ದ ಸ್ಟೀಫನ್ ಕರ್ರಿಗೆ ಆ ವರ್ಷ ಸಿಕ್ಕಿದ್ದು ಸುಮಾರು 1 ಕೋಟಿ 21 ಲಕ್ಷ ಡಾಲರ್. ಲಾಸ್ ಏಂಜಲೀಸ್ ಲೇಕರ್ಸ್‌ನ ಟಿಮೊಫೆ ಮೊಜ್ಗೊವ್ ಎಂಬ ಎತ್ತರದ, ಸಭ್ಯ, ಸಾಧಾರಣ ಸೆಂಟರ್‌ಗೆ 1 ಕೋಟಿ 60 ಲಕ್ಷ. ಎರಡಕ್ಕೂ ಕಾರಣ ಪ್ರತಿಭೆಯಲ್ಲ, ದಿನಾಂಕ. ಕರ್ರಿ ನಾಲ್ಕು ವರ್ಷದ 4 ಕೋಟಿ 40 ಲಕ್ಷದ ಒಪ್ಪಂದಕ್ಕೆ ರುಜು ಹಾಕಿದ್ದು 2012ರ ಅಕ್ಟೋಬರ್ ಕೊನೆಯಲ್ಲಿ. ಅದರ ಹಿಂದಿನ ಋತುವಿನಲ್ಲಿ ಹರಡು ನೋವಿನಿಂದ ಆಡಿದ್ದು ಬರೀ 26 ಪಂದ್ಯ. ಹರಡಿಗೆ ಶಸ್ತ್ರಚಿಕಿತ್ಸೆಯೂ ಆಗಿತ್ತು. ಮೊಜ್ಗೊವ್ ರುಜು ಹಾಕಿದ್ದು 2016ರ ಜುಲೈನಲ್ಲಿ, ಹೊಸ ಟಿವಿ ಹಣ ಬಂದು ಸಂಬಳದ ಮಿತಿ 7 ಕೋಟಿಯಿಂದ 9 ಕೋಟಿ 41 ಲಕ್ಷಕ್ಕೆ ಒಂದೇ ನೆಗೆತಕ್ಕೆ ಏರಿದ ವಾರದಲ್ಲಿ. ಜಾತ್ರೆಯ ದಿನ ಬಳೆ ಕೊಂಡವರ ಗತಿಯೇ ಲೇಕರ್ಸ್‌ಗೆ ಆಯಿತು. ಅದೇ ಬೇಸಗೆಯಲ್ಲಿ ಕರ್ರಿಯ ಅಗ್ಗದ ಸಂಬಳ ಬಿಟ್ಟುಕೊಟ್ಟ ಜಾಗದಲ್ಲಿ ಗೋಲ್ಡನ್ ಸ್ಟೇಟ್ ತಂಡ ಕೆವಿನ್ ಡ್ಯುರಾಂಟ್‌ರನ್ನು ಕೂರಿಸಿಕೊಂಡಿತು. ಒಂದೇ ವರ್ಷದಲ್ಲಿ ಲೇಕರ್ಸ್ ಮೊಜ್ಗೊವ್‌ರನ್ನು ಸಾಗಹಾಕಬೇಕಾಗಿ ಬಂದಾಗ, ಜೊತೆಗೆ 2015ರ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಆರಿಸಿ ತಂದಿದ್ದ ಡಿ’ಆಂಜೆಲೊ ರಸೆಲ್‌ರನ್ನೂ ಬ್ರೂಕ್ಲಿನ್‌ಗೆ ಕೊಡಬೇಕಾಯಿತು. ಮುದಿ ಎತ್ತನ್ನು ಕೊಂಡುಹೋಗಲೆಂದು ಹಾಲು ಕರೆಯುವ ಹಸುವನ್ನೂ ಹಗ್ಗ ಕಟ್ಟಿ ಕೊಟ್ಟ ಹಾಗೆ. ಆಟಗಾರನ ಯೋಗ್ಯತೆ ಬೇರೆ, ಅವನ ಒಪ್ಪಂದದ ಯೋಗ್ಯತೆ ಬೇರೆ, ಅವನಿಗೆ ಟ್ರೇಡ್‌ನಲ್ಲಿ ಸಿಗುವ ಬೆಲೆ ಇನ್ನೂ ಬೇರೆ. ಮೂರನ್ನೂ ಬೆರೆಸಿ ಮಾತಾಡುವವನ ಜೊತೆ ವಾದಿಸಬಾರದು. ಅವನಿಗೆ ಇನ್ನೊಂದು ಕಾಫಿ ತರಿಸಿ ಹವಾಮಾನ ಮಾತಾಡಬೇಕು.

ಈ ಮೂರೂ ಒಂದೇ ಮನುಷ್ಯನಲ್ಲಿ ಕುಸ್ತಿಯಾಡಿದ್ದನ್ನು ನೋಡಬೇಕಾದರೆ ರೂಡಿ ಗೊಬೇರ್‌ಗಿಂತ ಒಳ್ಳೆಯ ಅಖಾಡವಿಲ್ಲ. ಫ್ರಾನ್ಸಿನ ಈ 7 ಅಡಿ 1 ಅಂಗುಲದ ಸೆಂಟರ್ 2020ರಲ್ಲಿ ಯೂಟಾ ತಂಡದೊಂದಿಗೆ ಐದು ವರ್ಷಕ್ಕೆ 20 ಕೋಟಿ 50 ಲಕ್ಷ ಡಾಲರಿಗೆ ಒಪ್ಪಿದರು. 2022ರ ಜುಲೈನಲ್ಲಿ ಮಿನ್ನೆಸೋಟ ಅವರನ್ನು ತರಿಸಿಕೊಂಡಿತು. ಕೊಟ್ಟದ್ದು ಐವರು ಆಟಗಾರರು, 2023, 2025, 2027, 2029ರ ಮೊದಲ ಸುತ್ತಿನ ನಾಲ್ಕು ಆಯ್ಕೆ ಹಕ್ಕುಗಳು, 2026ರಲ್ಲಿ ಹಕ್ಕು ಅದಲುಬದಲು ಮಾಡಿಕೊಳ್ಳುವ ಅವಕಾಶ. ಆ ದಿನದ ನಗು ಬಲ್ಲವರಿಗೇ ಗೊತ್ತು. ದೂರದಿಂದ ಚೆಂಡೆಸೆಯಲು ಬಾರದ, ಕೈಗೆ ಬಂದ ಪಾಸ್ ಆಗಾಗ ಜಾರಿಸುವ, ಮೂವತ್ತರ ಹೊಸ್ತಿಲಲ್ಲಿದ್ದ ಒಬ್ಬನಿಗೆ ಏಳು ವರ್ಷದ ಭವಿಷ್ಯ! ಎದುರು ಪಕ್ಷದ ಬಳಿ ಸಾಕ್ಷಿಯೂ ಗಟ್ಟಿಯಾಗಿತ್ತು. 2021ರ ಜೂನ್ 18ರಂದು ಕ್ಲಿಪರ್ಸ್ ಎದುರಿನ ಆರನೆಯ ಪಂದ್ಯದಲ್ಲಿ ಯೂಟಾ 25 ಅಂಕ ಮುಂದಿತ್ತು. ಎದುರಾಳಿಗಳು ಐವರನ್ನೂ ಅಂಗಳದ ಅಂಚಿಗೆ ಹರಡಿ ನಿಲ್ಲಿಸಿದರು. ಬುಟ್ಟಿಯ ಕೆಳಗಿನ ಕಾವಲುಗಾರನಿಗೆ ಎರಡು ಕಡೆ ಕಾಲು: ಒಳಗೆ ನಿಂತರೆ ಮೂಲೆಯಲ್ಲಿ ಟೆರನ್ಸ್ ಮ್ಯಾನ್ ಖಾಲಿ, ಮೂಲೆಗೆ ಓಡಿದರೆ ಬುಟ್ಟಿ ಖಾಲಿ. ಮ್ಯಾನ್ 39 ಅಂಕ ಹೊಡೆದರು, ಯೂಟಾ ಮನೆಗೆ ಹೋಯಿತು. ಮಿತಿಯ ಶೇ 31ರಷ್ಟು ಸಂಬಳ ತಿನ್ನುವವನು ಪ್ಲೇಆಫ್ ಬಂದಾಗ ಹೀಗೆ ಬೆತ್ತಲಾದರೆ ಅವನಿಗೆ ನಾಲ್ಕು ಆಯ್ಕೆ ಹಕ್ಕು ಯಾಕೆ ಎಂಬ ಪ್ರಶ್ನೆಯನ್ನು ಅಸೂಯೆ ಎಂದು ತಳ್ಳಿಹಾಕುವಂತಿಲ್ಲ.

ಆದರೆ ಆ ಒಂದು ರಾತ್ರಿಯ ಪಕ್ಕದಲ್ಲಿ ಇಡಬೇಕಾದ ಇನ್ನೊಂದು ದೃಶ್ಯವಿದೆ, ಅದು ಪ್ರತಿ ಪಂದ್ಯದಲ್ಲೂ ಹತ್ತಾರು ಸಲ ನಡೆಯುವುದರಿಂದಲೇ ಕಣ್ಣಿಗೆ ಬೀಳುವುದಿಲ್ಲ. ಎದುರಾಳಿ ಗಾರ್ಡ್ ಒಬ್ಬ ಅಡ್ಡ ನಿಂತವನನ್ನು ತಪ್ಪಿಸಿಕೊಂಡು ಬಣ್ಣ ಬಳಿದ ಚೌಕದೊಳಗೆ ನುಗ್ಗುತ್ತಾನೆ. ಎರಡು ಹೆಜ್ಜೆ, ಮೂರನೆಯದು ನೆಗೆತಕ್ಕೆ. ತಲೆ ಎತ್ತಿದರೆ ಗೊಬೇರ್ ಕೈ ಮೇಲೆತ್ತಿ ಸುಮ್ಮನೆ ನಿಂತಿದ್ದಾರೆ. ಗಾರ್ಡ್ ನೆಗೆಯುವುದಿಲ್ಲ. ಚೆಂಡನ್ನು ಪುಟಿಸುತ್ತಲೇ ಬುಟ್ಟಿಯ ಅಡಿಯಿಂದ ಹಾದು, ಅಂಚಿನ ಗೆರೆಯುದ್ದಕ್ಕೂ ಸುತ್ತಿ, ಬಂದ ದಾರಿಗೆ ಸುಂಕವಿಲ್ಲದಂತೆ ಹೊರಗೆ ಹೋಗುತ್ತಾನೆ. ಅಷ್ಟರಲ್ಲಿ 24 ಸೆಕೆಂಡಿನ ಗಡಿಯಾರ ಐದಕ್ಕೆ ಬಂದಿರುತ್ತದೆ. ಅಂಕಪಟ್ಟಿಯಲ್ಲಿ ಈ ಪ್ರಸಂಗಕ್ಕೆ ಕಾಲಂ ಇಲ್ಲ. ಬ್ಲಾಕ್ ಅಲ್ಲ, ಸ್ಟೀಲ್ ಅಲ್ಲ, ರಿಬೌಂಡ್ ಅಲ್ಲ. ನಡೆಯದೆ ಹೋದ ಒಂದು ಎಸೆತ. ನಡೆಯದ ಎಸೆತಗಳಿಗೆ ಎಷ್ಟು ಸಂಬಳ ಕೊಡಬೇಕು? ಆಟವನ್ನು ಬರೀ ಆಟವಾಗಿ ನೋಡುತ್ತಿದ್ದವನಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಒಪ್ಪಂದವನ್ನು ಸಮರ್ಥಿಸಬೇಕಾಗಿ ಬಂದವನು ಹುಡುಕಿಕೊಂಡು ಹೋಗಿ ಈ ದೃಶ್ಯವನ್ನು ಕಂಡುಹಿಡಿಯುತ್ತಾನೆ, ವಿರೋಧಿಸಬೇಕಾದವನು ಟೆರನ್ಸ್ ಮ್ಯಾನ್‌ರನ್ನು ಎಳೆದುತರುತ್ತಾನೆ. ಇಬ್ಬರೂ ಹಿಂದೆಂದೂ ನೋಡದಷ್ಟು ಸೂಕ್ಷ್ಮವಾಗಿ ಆಟ ನೋಡಿರುತ್ತಾರೆ. ಮುಂದಿನದು ದಾಖಲೆಯಲ್ಲಿದೆ: 2024ರಲ್ಲಿ ಗೊಬೇರ್ ನಾಲ್ಕನೆಯ ಸಲ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ, ಮಿನ್ನೆಸೋಟ 20 ವರ್ಷಗಳ ನಂತರ ಪಶ್ಚಿಮ ವಿಭಾಗದ ಫೈನಲ್‌ನಲ್ಲಿ, ಮರುವರ್ಷ ಮತ್ತೊಮ್ಮೆ ಅಲ್ಲಿಗೇ. ಎರಡು ಸಲವೂ 1–4ರಿಂದ ಸೋಲು. ನಗುತ್ತಿದ್ದವರು ನಗು ನಿಲ್ಲಿಸಿದರು. ಸರಿ, ಆದರೆ ಟ್ರೋಫಿ ಎಲ್ಲಿ ಎನ್ನುವುದನ್ನು ನಿಲ್ಲಿಸಲಿಲ್ಲ.

ಮನೆಯಲ್ಲಿ ಕೂತವರಿಗೆ ಏನು ಗೊತ್ತು, ಆಟಗಾರನ ಎಕ್ಸ್‌ರೇ ನೋಡಿದವರು, ತರಬೇತಿಯಲ್ಲಿ ದಿನವೂ ಕಂಡವರು ತಂಡದೊಳಗೇ ಇದ್ದಾರಲ್ಲ ಎಂಬುದು ಗಂಭೀರ ಆಕ್ಷೇಪ. ಬಹುಪಾಲು ಒಪ್ಪುತ್ತೇನೆ. ಆದರೆ 2025ರ ಫೆಬ್ರುವರಿ 2, ನಮ್ಮಲ್ಲಿ ಭಾನುವಾರ ಬೆಳಗಿನ ತಿಂಡಿ ಮುಗಿಯುವ ಹೊತ್ತು, ಬಂದ ಸುದ್ದಿ ನೆನೆಯಿರಿ. ಡಲ್ಲಾಸ್ ತಂಡವನ್ನು ಎಂಟು ತಿಂಗಳ ಹಿಂದಷ್ಟೇ ಫೈನಲ್‌ಗೆ ಒಯ್ದಿದ್ದ, 25 ವರ್ಷದ ಲೂಕಾ ಡಾನ್ಚಿಚ್‌ರನ್ನು ಲೇಕರ್ಸ್‌ಗೆ ಕೊಟ್ಟಾಗಿತ್ತು. ಬಂದದ್ದು 31 ವರ್ಷದ ಆಂಥನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ, ಮೊದಲ ಸುತ್ತಿನ ಒಂದೇ ಒಂದು ಆಯ್ಕೆ ಹಕ್ಕು. ಸುದ್ದಿ ಕೊಟ್ಟ ಪತ್ರಕರ್ತನ ಖಾತೆಗೆ ಯಾರೋ ಕನ್ನ ಹಾಕಿದ್ದಾರೆ ಎಂದೇ ಅನೇಕರು ತಿಳಿದರು. ತಂಡದೊಳಗಿನವರ ಕಾರಣಗಳು ಪೊಳ್ಳಾಗಿರಲಿಲ್ಲ: ದೇಹದ ತೂಕ, ಗಾಯಗಳು, ಸದ್ಯದಲ್ಲೇ ಕೊಡಬೇಕಾಗಿದ್ದ ಸುಮಾರು 34 ಕೋಟಿ 50 ಲಕ್ಷ ಡಾಲರಿನ ‘ಸೂಪರ್‌ಮ್ಯಾಕ್ಸ್’ ಎಂಬ ಗರಿಷ್ಠ ಒಪ್ಪಂದ. ಅಭಿಮಾನಿಗಳು ಕೇಳಿದ್ದು ಅದನ್ನಲ್ಲ. ಮಾರುವುದೇ ಆದರೆ ನಾಲ್ಕು ಬಾಗಿಲು ಯಾಕೆ ತಟ್ಟಲಿಲ್ಲ ಎಂದು ಕೇಳಿದರು. ಟ್ರೇಡ್ ಬೆಲೆ ಎನ್ನುವುದು ಆಟಗಾರನ ಮೈಮೇಲೆ ಬರೆದಿರುವುದಿಲ್ಲ, ಕೊಳ್ಳಲು ಎಷ್ಟು ಮಂದಿ ಕಾದಿದ್ದಾರೆ ಎಂಬುದರಲ್ಲಿರುತ್ತದೆ. ಒಬ್ಬನೇ ಗಿರಾಕಿಯೊಡನೆ ಗುಟ್ಟಾಗಿ ಮಾತಾಡಿದವನು ಆ ಬೆಲೆಯನ್ನು ತಾನೇ ಇಳಿಸಿಕೊಂಡಂತೆ. ಇದಕ್ಕೆ ಎಕ್ಸ್‌ರೇ ಬೇಕಿಲ್ಲ, ಒಂದು ಸಲ ಅಡಕೆ ಮಂಡಿಗೆ ಹೋಗಿಬಂದಿದ್ದರೆ ಸಾಕು. ಡಲ್ಲಾಸ್‌ನ ಅಭಿಮಾನಿಗಳು ಕ್ರೀಡಾಂಗಣದ ಹೊರಗೆ ಶವಪೆಟ್ಟಿಗೆ ತಂದಿಟ್ಟರು. ಅದೇ ವರ್ಷದ ನವೆಂಬರ್‌ನಲ್ಲಿ ಜನರಲ್ ಮ್ಯಾನೇಜರ್ ಕೆಲಸ ಕಳೆದುಕೊಂಡರು. ಹಾಗೆಂದು ಜನರ ಕೂಗು ದೇವವಾಣಿಯೂ ಅಲ್ಲ. 2008ರಲ್ಲಿ ಮೆಂಫಿಸ್ ತಂಡ ಪೌ ಗಸೋಲ್‌ರನ್ನು ಲೇಕರ್ಸ್‌ಗೆ ಕೊಟ್ಟಾಗ ಇದೇ ಲೋಕ ಹಗಲುದರೋಡೆ ಎಂದು ಕೂಗಿತ್ತು. ಬದಲಿಗೆ ಬಂದ ಕಾಗದಗಳ ನಡುವೆ ಪೌ ಅವರ ತಮ್ಮ, ಆಗಿನ್ನೂ ಸ್ಪೇನ್‌ನಲ್ಲಿ ಆಡುತ್ತಿದ್ದ ಮಾರ್ಕ್ ಗಸೋಲ್ ಮೇಲಿನ ಹಕ್ಕೂ ಇತ್ತು. ಅಣ್ಣ ಲೇಕರ್ಸ್‌ಗೆ ಎರಡು ಪ್ರಶಸ್ತಿ ಗೆದ್ದುಕೊಟ್ಟರು. ತಮ್ಮ 2013ರಲ್ಲಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರನಾಗಿ ಮೆಂಫಿಸ್‌ನ ಬೆನ್ನೆಲುಬಾದರು.

ನನ್ನನ್ನು ನಿಜಕ್ಕೂ ಕಾಡುವ ಆಕ್ಷೇಪ ಬೇರೆ. ಮನುಷ್ಯರನ್ನು ಹೀಗೆ ತೂಗಬಹುದೇ? ದನದ ಜಾತ್ರೆಯಲ್ಲಿ ಹಲ್ಲು ನೋಡಿ, ಟವೆಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವ ಹಾಗೆ? ಬಹುಪಾಲು ಕಪ್ಪು ಆಟಗಾರರು, ಬಹುಪಾಲು ಬಿಳಿಯ ಮಾಲೀಕರು ಇರುವ ಲೀಗಿನಲ್ಲಿ ಆ ಚಿತ್ರ ಇನ್ನಷ್ಟು ಚುಚ್ಚುತ್ತದೆ. ಇದಕ್ಕೆ ಅರ್ಧ ಉತ್ತರ ಚರಿತ್ರೆಯಲ್ಲಿದೆ. ಒಂದು ಕಾಲದಲ್ಲಿ ಆಟಗಾರ ಒಮ್ಮೆ ಒಂದು ತಂಡಕ್ಕೆ ಸೇರಿದರೆ ಒಪ್ಪಂದ ಮುಗಿದರೂ ಅವರಿಗೇ ಸೇರಿದವನು. ಟವೆಲಿನ ಕೆಳಗೆ ಒಂದೇ ಕೈ. 1970ರಲ್ಲಿ ಆಟಗಾರರ ಸಂಘದ ಅಧ್ಯಕ್ಷ ಆಸ್ಕರ್ ರಾಬರ್ಟ್‌ಸನ್ ಹೆಸರಿನಲ್ಲಿ ಮೊಕದ್ದಮೆ ಹೂಡಿ, 1976ರ ರಾಜಿಯವರೆಗೆ ಹೋರಾಡಿ ಆಟಗಾರರು ಪಡೆದದ್ದು ಬೇರೆಯವರ ಬಾಯಿಂದ ತಮ್ಮ ಬೆಲೆ ಕೇಳುವ ಹಕ್ಕನ್ನೇ. ಬೆಲೆಯ ಮಾತು ಬಯಲಿಗೆ ಬಂದದ್ದು ಆಟಗಾರನಿಗೆ ಅವಮಾನವಾಗಿ ಅಲ್ಲ, ಅವನ ಗೆಲುವಾಗಿ. ಇನ್ನರ್ಧಕ್ಕೆ ನನ್ನಲ್ಲಿ ಉತ್ತರವಿಲ್ಲ, ಐಸೆಯಾ ಥಾಮಸ್ ಇದ್ದಾರೆ. 5 ಅಡಿ 9 ಅಂಗುಲದ ಈ ಮನುಷ್ಯ 2016–17ರಲ್ಲಿ ಬಾಸ್ಟನ್‌ಗೆ ಪಂದ್ಯಕ್ಕೆ ಸರಾಸರಿ 28.9 ಅಂಕ ತಂದರು. ಸಂಬಳ ಸುಮಾರು 66 ಲಕ್ಷ ಡಾಲರ್. ಬಾಸ್ಟನ್ನಿನ ಪ್ಲೇಆಫ್ ಶುರುವಾಗುವ ಹಿಂದಿನ ದಿನ ತಂಗಿ ಅಪಘಾತದಲ್ಲಿ ತೀರಿಕೊಂಡರು. ಮರುದಿನ ಆಡಿದರು. ಮೇ 2, ಆ ತಂಗಿಯ ಹುಟ್ಟಿದ ದಿನ, 53 ಅಂಕ ಹೊಡೆದರು. ಸೊಂಟದ ಗಾಯವನ್ನೂ ಹೊತ್ತು ಓಡುತ್ತಿದ್ದರು. ಆ ಬೇಸಗೆಯಲ್ಲಿ ಬಾಸ್ಟನ್ನಿನ ವಾದವೆಲ್ಲ ಒಂದೇ: ಮುಂದಿನ ವರ್ಷ ಇವನಿಗೆ ಗರಿಷ್ಠ ಸಂಬಳ ಕೊಡಬೇಕೇ? ಎತ್ತರ, ವಯಸ್ಸು, ಸೊಂಟ ಎಲ್ಲ ಕೂಡಿಸಿ ಕಳೆದವರು ಬೇಡ ಎಂದರು. ಆಗಸ್ಟ್‌ನಲ್ಲಿ ತಂಡ ಅವರನ್ನು ಕ್ಲೀವ್‌ಲ್ಯಾಂಡ್‌ಗೆ ಕೊಟ್ಟು ಕೈರಿ ಅರ್ವಿಂಗ್‌ರನ್ನು ತಂದಿತು. ಲೆಕ್ಕ ಸರಿಯಾಗಿತ್ತು. ಸೊಂಟ ಮೊದಲಿನಂತಾಗಲೇ ಇಲ್ಲ. ಮರುವರ್ಷ ಡೆನ್ವರ್ ತಂಡ ಕನಿಷ್ಠ ಸಂಬಳಕ್ಕೆ ಕರೆದುಕೊಂಡಿತು. ಸರಿಯಾದ ಉತ್ತರ ಬರೆದ ಮೇಲೂ ಬಾಯಲ್ಲಿ ಕಹಿ ಉಳಿಯುವುದುಂಟು, ಉಳಿಯಬೇಕು ಕೂಡ. ಆ ಕಹಿ ತಟ್ಟದವರ ಬಾಯಲ್ಲಿ ಮಾತ್ರ ಆಟಗಾರ ಬರೀ ‘ಆಸ್ತಿ’ಯಾಗುತ್ತಾನೆ. ಅಂಥವರ ಜೊತೆ ಕೂತಾಗ ನನಗೂ ದನದ ಜಾತ್ರೆಯೇ ನೆನಪಾಗುತ್ತದೆ.

ಲೆಕ್ಕ ಹಾಕುತ್ತ ಕೂತರೆ ಆಟದ ರಸ ಆರಿಹೋಗುತ್ತದೆ ಎನ್ನುವವರೂ ಇದ್ದಾರೆ. ಇದು ರಾಗದ ಹೆಸರು ಗೊತ್ತಾದರೆ ಹಾಡಿನ ಸುಖ ಹೋಗುತ್ತದೆ ಎನ್ನುವವರ ಗುಂಪು, ಹೆಚ್ಚು ಹೇಳಲು ಮನಸ್ಸಿಲ್ಲ. ನಿಯಮಗಳ ಸಂದಿಯಲ್ಲೂ ಹಾಸ್ಯ ಸಿಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಮಾತ್ರ ಕೊಡುತ್ತೇನೆ. ಟ್ರೇಡ್‌ನಲ್ಲಿ ಎರಡೂ ಕಡೆಯ ಸಂಬಳ ಹೆಚ್ಚುಕಡಿಮೆ ಸರಿತೂಗಬೇಕೆಂಬ ಕಟ್ಟಳೆಯಿದೆ. 2008ರ ಫೆಬ್ರುವರಿಯಲ್ಲಿ ಡಲ್ಲಾಸ್ ತಂಡ ಜೇಸನ್ ಕಿಡ್‌ರನ್ನು ತರಿಸಿಕೊಳ್ಳುವಾಗ ತಕ್ಕಡಿ ಒಂದು ಕಡೆ ವಾಲಿತು. ಆಗ ಅವರಿಗೆ ನೆನಪಾದದ್ದು ಕೀತ್ ವ್ಯಾನ್ ಹಾರ್ನ್. 2006ರ ನಂತರ ಅಂಗಳಕ್ಕೆ ಇಳಿಯದೆ ಮನೆಯಲ್ಲಿ ಮಕ್ಕಳ ಜೊತೆ ಆರಾಮವಾಗಿದ್ದವರನ್ನು ಹುಡುಕಿ, 40 ಲಕ್ಷ ಡಾಲರಿಗೂ ಮೇಲೆ ಸಂಬಳ ಬರೆದುಕೊಟ್ಟು, ತಕ್ಕಡಿಗೆ ಕಲ್ಲಿಡುವಂತೆ ಇಟ್ಟು ನ್ಯೂಜೆರ್ಸಿಗೆ ಕಳುಹಿಸಿದರು. ಅವರು ಅಲ್ಲಿ ಒಂದು ನಿಮಿಷವೂ ಆಡಲಿಲ್ಲ. ಅದೇ ತಿಂಗಳು ಗಸೋಲ್ ವ್ಯವಹಾರದಲ್ಲಿ ಲೇಕರ್ಸ್ ಹೀಗೇ ತೂಕಕ್ಕಿಟ್ಟದ್ದು ಆರನ್ ಮೆಕೀ ಎಂಬವರನ್ನು. ಅವರು ಆ ಹೊತ್ತಿಗೆ ಫಿಲಡೆಲ್ಫಿಯಾದಲ್ಲಿ ಸಂಬಳವಿಲ್ಲದೆ ಸಹಾಯಕ ಕೋಚ್ ಕೆಲಸ ಮಾಡುತ್ತಿದ್ದರು. ಆಟದಿಂದ ನಿವೃತ್ತರಾದ ಮೇಲೂ ಹೆಸರು ಪಟ್ಟಿಯಲ್ಲಿ ಉಳಿದಿದ್ದರೆ ಯಾವತ್ತೋ ಒಂದು ದಿನ ತೂಕದ ಬಟ್ಟಾಗಿ ಕರೆ ಬರಬಹುದಾಗಿದ್ದ ಆ ಕಾಲದ ಭಾಗ್ಯ ಬೇರೆ ಯಾವ ವೃತ್ತಿಯಲ್ಲಿತ್ತು?

ಇನ್ನು ಬ್ರೌನ್ ವಿಚಾರ. 2024ರ ಜೂನ್‌ನಲ್ಲಿ ಆ ವಾದ ಮುಗಿಯಿತೆಂದು ನಂಬಿದವರು ಹನ್ನೊಂದು ತಿಂಗಳು ಮಾತ್ರ ನೆಮ್ಮದಿಯಾಗಿದ್ದರು. 2025ರ ಮೇನಲ್ಲಿ ನ್ಯೂಯಾರ್ಕ್‌ನ ಅಂಗಳದಲ್ಲಿ ಟೇಟಮ್ ಅವರ ಹಿಮ್ಮಡಿಯ ನರ ಕಿತ್ತುಹೋಯಿತು. ಬ್ರೌನ್‌ಗೆ 30 ಕೋಟಿ, ಟೇಟಮ್‌ಗೆ 31 ಕೋಟಿ ಡಾಲರ್ ದಾಟಿದ ಒಪ್ಪಂದಗಳು ಎಲೆಯ ಬಹುಪಾಲು ಆಕ್ರಮಿಸಿದ್ದವು. ಎರಡನೇ ಏಪ್ರನ್‌ನಿಂದ ಕೆಳಗಿಳಿಯಲು ತಂಡ ಪ್ರಶಸ್ತಿ ಗೆದ್ದವರಲ್ಲೇ ಇಬ್ಬರನ್ನು, ಜ್ರೂ ಹಾಲಿಡೇ ಮತ್ತು ಕ್ರಿಸ್ಟಾಪ್ಸ್ ಪೊರ್ಜಿಂಗಿಸ್‌ರನ್ನು, ಕೈಬಿಟ್ಟಿತು. ಆ ವರ್ಷವೇ ತಂಡ 610 ಕೋಟಿ ಡಾಲರ್ ಮೌಲ್ಯಕ್ಕೆ ಮಾರಾಟವಾಗಿತ್ತು ಎಂಬುದನ್ನು ನೆನೆದರೆ ದುಡ್ಡಿನ ಬರ ಎಲ್ಲೂ ಇರಲಿಲ್ಲ, ಬರ ಇದ್ದದ್ದು ಜಾಗಕ್ಕೆ ಎಂಬುದು ಮತ್ತೆ ಹೊಳೆಯುತ್ತದೆ. ಹಾಗಾದರೆ 2023ರ ಒಪ್ಪಂದ ಸರಿಯೋ ತಪ್ಪೋ? ಆ ರುಜು ಇಲ್ಲದಿದ್ದರೆ ಪ್ರಶಸ್ತಿಯ ಬಾವುಟ ಏರುತ್ತಿರಲಿಲ್ಲ ಎಂಬವರ ಮಾತೂ ನಿಜ, ಆ ರುಜುವಿನಿಂದಲೇ ತಂಡ ಬಿಚ್ಚಿಹೋಯಿತು ಎಂಬವರ ಮಾತೂ ನಿಜ. ನಾನು ಮೊದಲನೆಯವರ ಕಡೆ. ಏರಿದ ಬಾವುಟವನ್ನು ಯಾವ ಏಪ್ರನ್ನೂ ಇಳಿಸಲಾರದು. ಆದರೂ ಈ ಬ್ರೌನ್ ಎಂಬ ಆಟಗಾರ ಬಾಸ್ಟನ್‌ಗೆ ಬಂದದ್ದೇ ಇನ್ನೊಂದು ಹಳೆಯ ಜಗಳದ ಫಲವಾಗಿ: 2013ರಲ್ಲಿ ಮುಪ್ಪಿನತ್ತ ವಾಲುತ್ತಿದ್ದ ಗಾರ್ನೆಟ್ ಮತ್ತು ಪಾಲ್ ಪಿಯರ್ಸ್‌ರನ್ನು ಕೊಟ್ಟು ಬ್ರೂಕ್ಲಿನ್‌ನಿಂದ ಪಡೆದ ಹಕ್ಕುಗಳಲ್ಲಿ 2016ರದ್ದು ಬ್ರೌನ್ ಆಯಿತು. ಪಿಯರ್ಸ್‌ರಂಥ ಮನೆಮಗನನ್ನು ಮಾರಿದರೆಂದು ಆಗ ಅತ್ತವರಿಗೆ ಹನ್ನೊಂದು ವರ್ಷದ ಮೇಲೆ ಸಮಾಧಾನ ಸಿಕ್ಕಿತು.

ಹಾಗಾಗಿ ಯಾವ ಖಾತೆಯನ್ನೂ ಈಗಲೇ ಮುಚ್ಚಲು ನಾನು ಸಿದ್ಧನಿಲ್ಲ. ಬ್ರೌನ್ ಅವರ ಆ ಐದು ವರ್ಷದ ಒಪ್ಪಂದದ ಕೊನೆಯ ಋತು 2028–29. ಗೊಬೇರ್‌ಗಾಗಿ ಮಿನ್ನೆಸೋಟ ಕೊಟ್ಟ ನಾಲ್ಕು ಹಕ್ಕುಗಳಲ್ಲಿ ಕೊನೆಯದು, ಮೊದಲ ಐದರೊಳಗೆ ಬಂದರೆ ಮಾತ್ರ ಉಳಿಸಿಕೊಳ್ಳಬಹುದಾದದ್ದು, 2029ರ ಡ್ರಾಫ್ಟ್‌ನದು. ಆ ಹಕ್ಕು ಅಷ್ಟರೊಳಗೆ ಎಷ್ಟು ಕೈ ದಾಟಿದರೂ ಒಂದು ದಿನ ವೇದಿಕೆಯ ಮೇಲೆ ಒಂದು ಹೆಸರಾಗಿ ಕೂಗಲ್ಪಡಲೇಬೇಕು. ಆ ಹೆಸರಿನ ಹುಡುಗ ಇವತ್ತು ಎಲ್ಲೋ ಒಂದು ಶಾಲೆಯ ಅಂಗಳದಲ್ಲಿ, ತನ್ನ ಮೇಲೆ ಇಷ್ಟೊಂದು ಲೆಕ್ಕ ನಡೆದಿದೆ ಎಂಬ ಅರಿವಿಲ್ಲದೆ, ಎಡಗೈಯಲ್ಲಿ ಚೆಂಡು ಪುಟಿಸುವುದನ್ನು ಕಲಿಯುತ್ತಿರಬೇಕು.